ಆನೆಮಡುವಿಗೆ ಇಳಿಯಬಹುದೇ?

ಹಳ್ಳದ ನೀರು ಪರೀಕ್ಷೆ ಮಾಡುವ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗಾಗ ನನ್ನ ಮನೆ ಹುಡುಕಿಕೊಂಡು ಬರುತ್ತಾರೆ. ಚಾಮರಾಜನಗರದಲ್ಲಿ ನನ್ನ ಮನೆ ಹುಡುಕುವುದು ಕಷ್ಟವೇನಲ್ಲ. ‘ನೀರ್ ಮೇಡಂ ಮನೆ’ ಅಂದರೆ ಆಟೋದವರೇ ತಂದು ಬಿಡುತ್ತಾರೆ. ಬಂದವರು ಕಾಫಿ ಕುಡಿದು, ಯಾವ ಮೀಟರ್ ಒಳ್ಳೆಯದು, ಯಾವ ಕಿಟ್ ಬೇಗ ಕೆಡುವುದಿಲ್ಲ ಎಂದು ಕೇಳುತ್ತಾರೆ. ಕೇಳಬೇಕಾದದ್ದನ್ನು ಮಾತ್ರ ಕೇಳುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಬಡ್ತಿ, ವರ್ಗಾವಣೆ, ಬೀಳ್ಕೊಡುಗೆಯ ದಿನ ಹೊದಿಸಿದ ಶಾಲು ಇವನ್ನೆಲ್ಲ ಬಿಟ್ಟಿದ್ದೇನೆ. ಅವು ಎಲ್ಲರಿಗೂ ಸಿಗುತ್ತವೆ.

‘ಹೆಮ್ಮೆ ಸ್ವಲ್ಪ ಕಡಿಮೆ ಮಾಡಿಕೊಂಡು ಬರಿ’ ಅಂತ ನಮ್ಮ ಯಜಮಾನರು ಹೇಳಿದರು. ಅವರು ಬ್ಯಾಂಕಿನಲ್ಲಿದ್ದವರು, ಫ್ಯಾನಿನ ಕೆಳಗೆ ಕೆಲಸ ಮಾಡಿದವರು. ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಗುಂಡ್ಲುಪೇಟೆ, ಚಾಮರಾಜನಗರ ಎರಡು ತಾಲ್ಲೂಕಿನ ಹಳ್ಳಕೊಳ್ಳಗಳಲ್ಲಿ ಮೊಣಕಾಲುದ್ದ ನಿಂತವಳು. ಹೆಮ್ಮೆ ಪಡದೇ ಇರುವುದಕ್ಕೆ ನನಗೆ ಕಾರಣ ಕಾಣುವುದಿಲ್ಲ.

ನನ್ನ ಪಾಲಿಗೆ ಬಂದ ಕೆಲಸದಲ್ಲಿ ಪ್ರಶ್ನೆಗಳು ಎರಡೇ. ಈ ನೀರಿಗೆ ಮನುಷ್ಯ ಇಳಿಯಬಹುದೇ? ಈ ನೀರಲ್ಲಿ ಮೀನು ಬದುಕಬಹುದೇ? ಇಳಿಯಬಹುದು ಅಂದರೆ ‘ಬಿ’ ದರ್ಜೆ, ಮೀನಿಗೆ ಸಾಕು ಅಂದರೆ ‘ಡಿ’ ದರ್ಜೆ. ಎರಡೂ ಒಂದೇ ಅಂತ ಹೊಸಬರು ತಿಳಿದಿರುತ್ತಾರೆ. ಅಲ್ಲ. ಎಮ್ಮೆ ಮೀಯಿಸಿದ ರಾಡಿಯಲ್ಲಿ ಕೊರವ ಮೀನು ಕೊಬ್ಬಿ ಬೆಳೆಯುತ್ತದೆ, ಅದೇ ನೀರು ಮಗುವಿನ ಬಾಯಿಗೆ ಹೋದರೆ ಭೇದಿ ಹತ್ತುತ್ತದೆ. ಇನ್ನೊಂದು ಕಡೆ ತಳದ ಮರಳು ಕಾಣುವಷ್ಟು ತಿಳಿಯಾದ ನೀರಲ್ಲಿ ಒಂದು ಮೀನೂ ಇರುವುದಿಲ್ಲ. ಕಣ್ಣು ಹೇಳಿದ್ದನ್ನು ಕೇಳಿಸಿಕೊಳ್ಳಿ, ಆದರೆ ರಿಪೋರ್ಟಿಗೆ ಸಹಿ ಹಾಕುವಾಗ ಕಣ್ಣನ್ನು ನಂಬಬೇಡಿ.

ಇದನ್ನು ನನಗೆ ಹೇಳಿಕೊಟ್ಟವರು ನನ್ನ ಮೊದಲ ಮೇಲಧಿಕಾರಿ ಶ್ರೀಕಂಠಯ್ಯನವರು. ಕೋಪಿಷ್ಠರು. ದಡಕ್ಕೆ ಹೋದ ತಕ್ಷಣ ಬಾಟಲಿ ಮುಳುಗಿಸಿದರೆ ಬೈಯುತ್ತಿದ್ದರು. ‘ಮೊದಲು ಕೂತ್ಕೊಳ್ಳಮ್ಮ. ನೀರು ಎಲ್ಲಿಂದ ಬರ್ತಿದೆ, ಮೇಲ್ಗಡೆ ಯಾರು ಏನು ತೊಳೀತಿದಾರೆ, ಎಲ್ಲಾ ನೋಡು. ಆಮೇಲೆ ಬಾಟಲಿ’ ಅನ್ನುತ್ತಿದ್ದರು. ನೀರಿನಲ್ಲಿ ಉಸಿರು ಎಷ್ಟಿದೆ ಎಂದು ನೋಡುವುದನ್ನೂ ಅವರೇ ಕಲಿಸಿದ್ದು. ಗಾಜಿನ ಬಿರಡೆಯ ಬಾಟಲಿಗೆ ಒಂದು ಗುಳ್ಳೆಯೂ ಸೇರದಂತೆ ನೀರು ತುಂಬಿ, ಅಲ್ಲೇ ದಡದಲ್ಲಿ ಎರಡು ದ್ರಾವಣ ಬಿಟ್ಟು ಅಲ್ಲಾಡಿಸಬೇಕು. ಆಮ್ಲಜನಕ ಇದ್ದರೆ ಕಂದು ಬಣ್ಣದ ಗಸಿ ಇಳಿಯುತ್ತದೆ, ಇಲ್ಲದಿದ್ದರೆ ಗಸಿ ಬೆಳ್ಳಗೇ ಉಳಿಯುತ್ತದೆ. ಮೊದಲ ಸಲ ಕಂದು ಇಳಿದಾಗ ನಾನು ‘ಬಂತು ಸಾರ್’ ಅಂದೆ. ‘ಬರ್ದೆ ಏನು, ಹರಿಯೋ ನೀರು’ ಅಂದರು, ಆದರೆ ಅವರಿಗೂ ಖುಷಿಯಾಗಿತ್ತು.

ಆಗ ನಮ್ಮ ಆಫೀಸಿಗೆ ಜೀಪು ವಾರಕ್ಕೊಮ್ಮೆ ಸಿಕ್ಕಿದರೆ ಪುಣ್ಯ. ಉಳಿದ ದಿನ ಬಸ್ಸು. ಬಾಟಲಿಗಳನ್ನು ಐಸ್ ಹಾಕಿದ ನೀಲಿ ಡಬ್ಬದಲ್ಲಿಟ್ಟು ಹೆಗಲಿಗೆ ಹಾಕಿಕೊಂಡು ತೆರಕಣಾಂಬಿಯಲ್ಲಿ ಇಳಿದರೆ, ಬೀದಿಯಲ್ಲಿ ಆಡುತ್ತಿದ್ದ ಮಕ್ಕಳು ಮಾಯ. ಲಸಿಕೆ ಹಾಕುವವರ ಡಬ್ಬವೂ ಅದೇ ಬಣ್ಣ, ಅದೇ ಅಳತೆ. ‘ಸೂಜಿ ಮೇಡಮ್ಮು ಬಂದ್ಲು, ಓಡ್ರುಲಾ’ ಅಂತ ಕೂಗುತ್ತಾ ಹಿತ್ತಿಲಿಗೆ ನುಗ್ಗುತ್ತಿದ್ದವು. ಒಂದು ಸಲ ಒಬ್ಬ ತಾಯಿ ತನ್ನ ಮಗುವನ್ನು ಎತ್ತಿಕೊಂಡು ಬಂದು, ತೋಳು ಬಿಚ್ಚಿ ತೋರಿಸಿ, ‘ಇದ್ಕ ಎರಡ್ನೇ ಸೂಜಿ ಆಗದ ಮೇಡಂ, ಮೂರ್ನೇದು ಹಾಕ್ಬುಡಿ’ ಅಂದಳು. ನಾನು ಹಳ್ಳದ ನೀರಿಗೆ ಬಂದವಳು ಅಂದಾಗ ಅವಳಿಗೆ ನನ್ನ ಮೇಲೆ ಇದ್ದ ಗೌರವವೆಲ್ಲ ಹೊರಟುಹೋಯಿತು.

ಬಂಡೀಪುರದ ಕಾಡೊಳಗಿನ ಹಳ್ಳ ನಮಗೆ ಅಳತೆಗೋಲು. ಊರು, ಹೊಲ, ಪೈಪು ಯಾವುದೂ ಸೋಕದ ನೀರು ಹೇಗಿರುತ್ತದೆ ಎಂದು ತಿಳಿದಿದ್ದರೆ ತಾನೇ ಸೋಕಿದ್ದು ಗೊತ್ತಾಗುವುದು? ಫಾರೆಸ್ಟ್ ಗಾರ್ಡ್ ಜೊತೆ ಬೆಳಿಗ್ಗೆಯೇ ಹೋಗಿ, ಆನೆ ಇಲ್ಲ ಎಂದು ಖಾತ್ರಿಯಾದ ಮೇಲೆ ಇಳಿಯುತ್ತಿದ್ದೆವು. ಅಲ್ಲಿ ಶ್ರೀಕಂಠಯ್ಯನವರು ಬಾಟಲಿ ಬದಿಗಿಟ್ಟು, ಪ್ಯಾಂಟು ಮಡಚಿ, ನೀರಿನ ಕಲ್ಲುಗಳನ್ನು ಮಗುಚಿ ತೋರಿಸಿದರು. ಕಲ್ಲಿನ ಅಡಿಯಲ್ಲಿ ಮೂರು ಬಾಲದ ಚಪ್ಪಟೆ ಹುಳು, ಮರಳು ಅಂಟಿಸಿಕೊಂಡು ಮನೆ ಕಟ್ಟಿದ ಹುಳು, ಎಷ್ಟೊಂದು. ‘ಬಾಟಲಿ ಈವತ್ತಿನ ನೀರಿನ ಕತೆ ಹೇಳುತ್ತೆ. ಈ ಹುಳ ತಿಂಗಳುಗಟ್ಟಲೆಯಿಂದ ಇಲ್ಲೇ ಸಂಸಾರ ಮಾಡ್ತಿರೋದು. ಮಧ್ಯದಲ್ಲಿ ಒಂದು ದಿನ ವಿಷ ಹರಿದಿದ್ರೂ ಇದು ಇರ್ತಿರ್ಲಿಲ್ಲ’ ಅಂದರು. ಈಗ ಇದಕ್ಕೆ ತರಬೇತಿ, ಪುಸ್ತಕ, ಅಂಕ ಹಾಕುವ ಪದ್ಧತಿ ಎಲ್ಲ ಬಂದಿವೆ. ನಾನು ಅದಕ್ಕೂ ಎಷ್ಟೋ ಮೊದಲೇ ಕಲ್ಲು ಮಗುಚಿದವಳು ಅಂತ ಹೇಳಿಕೊಳ್ಳುವುದಕ್ಕೆ ನಾಚಿಕೆಯಿಲ್ಲ.

ಇನ್ನು ಎಡವಟ್ಟಿನ ವಿಷಯ. ನಮ್ಮ ಡ್ರೈವರ್ ಸಿದ್ದಯ್ಯನಿಗೆ ಆಯುಧಪೂಜೆ ಅಂದರೆ ವರ್ಷದ ಹಬ್ಬ. ಒಂದು ವರ್ಷ ಜೀಪಿಗೆ ಮಾತ್ರ ಏಕೆ, ಮೇಡಂ ಆಯುಧಗಳಿಗೂ ಆಗಲಿ ಅಂತ, ಬಾಟಲಿ, ಡಬ್ಬ, ಥರ್ಮಾಮೀಟರ್ ಎಲ್ಲದಕ್ಕೂ ವಿಭೂತಿ ಬಳಿದು ಅರಿಶಿನ ಕುಂಕುಮ ಇಟ್ಟ. ಹುಳಿ-ಕ್ಷಾರ ತೋರಿಸುವ ಮೀಟರಿನ ತುದಿಯಲ್ಲಿ ಮೊಳಕೆಯಂಥ ಗಾಜಿನ ಗುಂಡು ಇರುತ್ತದಲ್ಲ, ಸದಾ ನೆನೆದಿರಬೇಕಾದ ಅದನ್ನು ನೀರಿನಿಂದ ತೆಗೆದು ಒರೆಸಿ ಅದಕ್ಕೂ ಮೂರು ಗೆರೆ ಎಳೆದ. ಮಾರನೆಯ ವಾರ ಯಾವ ಹಳ್ಳಕ್ಕೆ ಇಳಿಸಿದರೂ ಮೀಟರ್ ಒಂದೇ ಉತ್ತರ ಕೊಡತೊಡಗಿತು. ಎರಡು ತಾಲ್ಲೂಕಿನ ನೀರೆಲ್ಲ ಒಂದೇ ರಾತ್ರಿಗೆ ಸಮಾಜವಾದಿಗಳಾಗಿದ್ದವು.

ಅದೇ ವಾರ ಹಳ್ಳದ ದಡದಲ್ಲಿ ಉಸಿರಿನ ಪರೀಕ್ಷೆ ಮಾಡುವಾಗ ಎರಡನೆಯ ದ್ರಾವಣದ ಒಂದು ತೊಟ್ಟು ಡಬ್ಬದ ಮುಚ್ಚಳದ ಮೇಲಿದ್ದ ಅರಿಶಿನಕ್ಕೆ ಬಿತ್ತು. ಬಿದ್ದ ಜಾಗ ರಕ್ತದಂತೆ ಕೆಂಪಾಯಿತು. ಸಿದ್ದಯ್ಯ ಹಿಂದೆ ಸರಿದು ಕೈ ಮುಗಿದ. ‘ಪೂಜೆಲಿ ಏನೋ ತಪ್ಪಾಗದ ಮೇಡಂ, ಅಮ್ಮನೋರು ಮುನ್ಸ್ಕೊಂಡವ್ರೆ’ ಅಂದ. ಶ್ರೀಕಂಠಯ್ಯನವರು ಕೋಪ ಮರೆತು ನಕ್ಕರು. ‘ಮದುವೆ ಮನೇಲಿ ಆರತಿ ತಟ್ಟೆ ನೋಡಿಲ್ವೇನಯ್ಯಾ? ಅರಿಶಿನದ ನೀರಿಗೆ ಸುಣ್ಣ ಬಿದ್ರೆ ಕೆಂಪಾಗಲ್ವಾ? ಈ ದ್ರಾವಣಾನೂ ಸುಣ್ಣದ ಜಾತಿಯದೇ’ ಅಂದರು. ಆಮೇಲೆ ಮೀಟರ್ ನೆನಪಾಗಿ ಮತ್ತೆ ಕೋಪ ಬಂತು. ಆ ವಾರದ ರೀಡಿಂಗ್ ಎಲ್ಲ ಹೊಡೆದುಹಾಕಿಸಿ, ನಮ್ಮಿಬ್ಬರನ್ನು ಎಲ್ಲ ಹಳ್ಳಕ್ಕೂ ಮರುಪ್ರದಕ್ಷಿಣೆಗೆ ಕಳಿಸಿದರು. ಅಂದಿನಿಂದ ಮೀಟರಿಗೆ ದೂರದಿಂದ ಒಂದು ಹೂವು ಮಾತ್ರ.

ಈಗ ಆನೆಮಡುವಿಗೆ ಬರುತ್ತೇನೆ. ಇಷ್ಟು ಹೊತ್ತು ಹೇಳಿದ್ದೆಲ್ಲ ಅಲ್ಲಿಗೆ ಬರಲಿಕ್ಕೇ.

ತೆರಕಣಾಂಬಿಯಿಂದ ಆಚೆ ಒಂದು ಸಣ್ಣ ಊರು. ಊರಿನ ಹೆಸರು ಬೇಡ, ಅಲ್ಲಿಯವರು ನನ್ನ ಜೊತೆ ಜಗಳಕ್ಕೆ ಬಂದಾರು. ಊರ ಪಕ್ಕದ ಹಳ್ಳ ಒಂದು ಬಂಡೆಯನ್ನು ಬಳಸಿ ತಿರುಗುವ ಕಡೆ ಅಗಲವಾದ ಮಡು ಇದೆ. ಹಿಂದೆ ಆನೆ ನೀರಿಗೆ ಬರುತ್ತಿದ್ದವಂತೆ, ಅದಕ್ಕೇ ಆನೆಮಡು. ಬೇಸಿಗೆ ರಜೆಯಲ್ಲಿ ಊರಿನ ಮಕ್ಕಳಿಗೆ ಈಜು ಕಲಿಸುವುದು ಅಲ್ಲೇ. ಕಲಿಸುತ್ತಿದ್ದವರು ಚಿಕ್ಕತಾಯಮ್ಮ. ಗಟ್ಟಿ ಕಾಯದ, ದೊಡ್ಡ ದನಿಯ ಹೆಂಗಸು. ಒಣಗಿದ ಸೋರೆಬುರುಡೆಯನ್ನು ಬೆನ್ನಿಗೆ ಕಟ್ಟಿ ಮಕ್ಕಳನ್ನು ನೀರಿಗೆ ತಳ್ಳುವರು. ಎಲ್ಲರೂ ಪ್ಲಾಸ್ಟಿಕ್ ಕ್ಯಾನಿಗೆ ಬದಲಾದರೂ ಅವರು ಮಾತ್ರ ಹಿತ್ತಿಲಲ್ಲಿ ಅದಕ್ಕೆಂದೇ ಸೋರೆ ಹಂಬು ಬೆಳೆಸುತ್ತಿದ್ದರು. ಗಂಡುಮಕ್ಕಳ ಜೊತೆ ಹೆಣ್ಣುಮಕ್ಕಳನ್ನೂ ಬಿಡದೆ ಎಳೆದು ತರುತ್ತಿದ್ದರು.

ಅದಕ್ಕೆ ಕಾರಣವಿತ್ತು. ಊರಿನ ಇನ್ನೊಂದು ಬದಿಗೆ ಕೆಲಸ ನಿಂತುಹೋದ ಕರಿಕಲ್ಲಿನ ಕ್ವಾರಿ ಇದೆ. ಗುಂಡಿಯ ತುಂಬ ಹಸಿರು ನೀರು, ಸುತ್ತ ನೆಟ್ಟಗೆ ಕೊರೆದ ಕಲ್ಲು, ಹತ್ತಲು ಮೆಟ್ಟಿಲಿಲ್ಲ. ಚಿಕ್ಕತಾಯಮ್ಮನ ತಂಗಿಯ ಮಗಳು ಬಟ್ಟೆ ಒಗೆಯಲು ಹೋಗಿ ಅದರಲ್ಲಿ ಮುಳುಗಿ ಸತ್ತಳು. ಅಂದಿನಿಂದ ಅವರಿಗೆ ಒಂದೇ ಹಟ. ಊರಿನ ಮಗು ಪ್ರತಿಯೊಂದೂ ಈಜಬೇಕು, ಕ್ವಾರಿ ಕಡೆ ಒಂದೂ ತಲೆಹಾಕಬಾರದು. ಮಡು ಚೆನ್ನಾಗಿದ್ದರೆ ಮಕ್ಕಳು ಮಡುವಿಗೆ ಬರುತ್ತವೆ, ಮಡು ಕೆಟ್ಟರೆ ಕ್ವಾರಿಗೆ ಹೋಗುತ್ತವೆ. ಲೆಕ್ಕ ಅಷ್ಟೇ.

ನಾನು ಮೊದಲ ಸಲ ಹೋದಾಗ ನನ್ನ ನೀಲಿ ಡಬ್ಬ ಕಂಡು ಮಕ್ಕಳೆಲ್ಲ ಮಡುವಿನಿಂದೆದ್ದು ಬಂಡೆಯ ಹಿಂದೆ ಅಡಗಿದವು. ಚಿಕ್ಕತಾಯಮ್ಮ ಸೊಂಟದುದ್ದ ನೀರಲ್ಲೇ ನಿಂತು ನನ್ನನ್ನು ನೋಡಿದರು. ‘ಇಳೀರಿ ಮೇಡಮ್ಮೋರೆ. ಊರ್ಗ ಬಂದೋಳು ನೀರ್ಗ ಬರ್ದೆ ಇದ್ದಾಳಾ?’ ಅಂದರು. ನನಗೆ ಈಜು ಬರುವುದಿಲ್ಲ ಅಂದೆ. ‘ನೀರ್ ಮೇಡಮ್ಮು ಅಂತಾರ, ಈಜು ಬರಲ್ವಂತ ಕಣ್ರುಲಾ’ ಅಂತ ಬಂಡೆಯ ಕಡೆ ತಿರುಗಿ ಕೂಗಿದರು. ಬಂಡೆಯ ಹಿಂದಿನಿಂದ ನಗು ಬಂತು. ಆ ಮಡುವಿನ ನೀರು ಪರೀಕ್ಷೆಯಲ್ಲಿ ಚೆನ್ನಾಗಿ ಬಂತು. ಇಳಿಯಬಹುದು ಎಂದು ನಾನು ಬರೆದೆ, ವರ್ಷ ವರ್ಷವೂ ಬರೆಯುತ್ತಾ ಹೋದೆ.

ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ, ಅರಿಶಿನ ಬೇಯಿಸುವ ಕಾಲದಲ್ಲಿ, ಒಂದು ಬೆಳಿಗ್ಗೆ ಆಫೀಸಿಗೆ ಫೋನು ಬಂತು. ಆನೆಮಡು ಕೆಂಪಾಗಿದೆ, ಮೀನು ಸತ್ತು ತೇಲುತ್ತಿವೆ. ಶ್ರೀಕಂಠಯ್ಯನವರು ನಿವೃತ್ತರಾಗಿ ಬಹಳ ಕಾಲವಾಗಿತ್ತು. ಆಗ ಇದ್ದವರು ಪ್ರಶಾಂತ್ ಸರ್, ನನಗಿಂತ ತುಂಬ ಚಿಕ್ಕವರು, ಓದಿಕೊಂಡವರು, ಬಿರುಸಾದ ಮನುಷ್ಯ. ಅಂದು ನಾವು ಬದನಗುಪ್ಪೆಗೆ ಹೊರಟಿದ್ದೆವು. ಅವರು ‘ಜೀಪ್ ತಿರುಗಿಸಿ’ ಅಂದರು.

ಹೋಗಿ ನೋಡಿದರೆ ಮಡು ಕೆಂಪು. ಯಾರೋ ಎಲೆಅಡಿಕೆ ಜಗಿದು ಉಗಿದ ಹಾಗೆ ಬಂಡೆಯ ಬುಡವೆಲ್ಲ ಕೆಂಪು. ಊರಿನ ಗಂಡಸರು ಮಡುವಿನ ಹತ್ತಿರ ಇರಲಿಲ್ಲ. ಹಳ್ಳದ ಮೇಲ್ಗಡೆ ಷಣ್ಮುಗಂ ಅನ್ನುವವನ ಶೆಡ್ಡಿನ ಮುಂದೆ ಗುಂಪುಗೂಡಿದ್ದರು. ಷಣ್ಮುಗಂ ಗಡಿಯ ಆಚೆಯಿಂದ ಬಂದು ಅಲ್ಲಿ ರೇಷ್ಮೆ ನೂಲಿಗೆ ಬಣ್ಣ ಹಾಕುತ್ತಿದ್ದ. ಊರಿನ ಹೆಂಗಸರೇ ಕೆಲವರು ಅವನಲ್ಲಿ ಕೆಲಸಕ್ಕಿದ್ದರು. ‘ಕೆಂಪ್ ಬಣ್ಣ ಬುಟ್ಬುಟ್ಟವ್ನೆ ಸಾ. ಬೀಗ ಜಡೀರಿ ಈಗ್ಲೇಯ’ ಅಂತ ಒಬ್ಬ ಕೂಗಿದ. ಷಣ್ಮುಗಂ ತಮಿಳು ಬೆರೆತ ಕನ್ನಡದಲ್ಲಿ ‘ಸತ್ಯವಾ ನಾನಿಲ್ಲ ಸಾರ್, ಈ ವಾರ ಪೂರಾ ಪಚ್ಚೆ ಬಣ್ಣ ಸಾರ್’ ಅನ್ನುತ್ತಿದ್ದ. ಅವನ ಕೈ ಮೊಣಕೈವರೆಗೆ ಹಸಿರಾಗಿಯೇ ಇತ್ತು. ಆದರೆ ಗುಂಪಿಗೆ ಕೈ ನೋಡುವ ತಾಳ್ಮೆ ಇರಲಿಲ್ಲ.

ಪ್ರಶಾಂತ್ ಸರ್ ನನ್ನ ಕಡೆ ನೋಡಿದರು. ‘ಮೇಡಂ, ಮುಚ್ಚಿಸೋಕೆ ಇಷ್ಟು ಸಾಕಲ್ವಾ?’ ಅಂದರು. ಸರ್, ಸ್ವಲ್ಪ ಕೂತು ನೋಡೋಣ ಅಂದೆ. ಅವರು ಒಪ್ಪಿದರು. ಇದನ್ನು ಬರೆಯಲೇಬೇಕು, ಏಕೆಂದರೆ ಗುಂಪು ಕೂಗುತ್ತಿರುವಾಗ ಕೂತು ನೋಡೋಣ ಎನ್ನುವುದಕ್ಕೆ ಅಧಿಕಾರಿಗೆ ಗುಂಡಿಗೆ ಬೇಕು.

ದಡದಗುಂಟ ಮೇಲಕ್ಕೆ ನಡೆದೆವು. ಷಣ್ಮುಗಂನ ಶೆಡ್ಡಿನ ಹತ್ತಿರ ಹಳ್ಳದ ನೀರು ಕೆಂಪಾಗಿರಲಿಲ್ಲ, ಹಳದಿ. ಇನ್ನೂ ಮೇಲೆ ಹೋದರೆ ಕಡು ಹಳದಿ. ಅಲ್ಲಿ ಸೇತುವೆಯ ಪಕ್ಕ, ಅರಿಶಿನ ಬೇಯಿಸುವ ಬಾಡಿಗೆ ಬಾಯ್ಲರ್ ನಿಂತಿತ್ತು. ಮೊದಲೆಲ್ಲ ಅವರವರ ಹೊಲದಲ್ಲಿ ಕೊಪ್ಪರಿಗೆ ಇಟ್ಟು ಬೇಯಿಸುತ್ತಿದ್ದರು, ಬೆಂದ ನೀರು ಅವರ ಹೊಲದಲ್ಲೇ ಇಂಗುತ್ತಿತ್ತು. ಆ ವರ್ಷ ನೀರು ಹತ್ತಿರ ಅಂತ ಬಾಯ್ಲರನ್ನು ಹಳ್ಳದ ದಡದಲ್ಲೇ ನಿಲ್ಲಿಸಿ, ಸುತ್ತಲಿನ ಅರಿಶಿನವೆಲ್ಲ ಅಲ್ಲಿಗೇ ಬಂದು ಬೆಂದು, ಬಸಿದ ನೀರು ನೇರ ಹಳ್ಳಕ್ಕೆ. ಅರಿಶಿನದ ನೀರು ಮನೆಮದ್ದು ಇರಬಹುದು, ಹಳ್ಳಕ್ಕಲ್ಲ. ಅದು ಕೊಳೆಯುವಾಗ ನೀರಿನ ಉಸಿರನ್ನೆಲ್ಲ ಎಳೆದುಬಿಡುತ್ತದೆ.

ಮೀನು ಸತ್ತದ್ದು ಅರ್ಧ ಅರ್ಥವಾಯಿತು. ಹಳದಿ ನೀರು ಮಡುವಿಗೆ ಬಂದು ಕೆಂಪಾದದ್ದು ಹೇಗೆ? ಮಡುವಿಗೆ ವಾಪಸು ಬಂದು ಬಾಟಲಿಯಲ್ಲಿ ಉಸಿರು ನೋಡಿ, ಮೀಟರ್ ಇಳಿಸಿದೆ. ಉಸಿರು ಇಲ್ಲವೇ ಇಲ್ಲ. ಕ್ಷಾರದ ಅಂಕಿ ಮಾತ್ರ ಒಂದೇ ಸಮನೆ ಮೇಲೇರಿತು. ಆಗ ನನಗೆ ಸಿದ್ದಯ್ಯನ ಪೂಜೆ ನೆನಪಾಯಿತು. ಗಾಜಿನ ಲೋಟದಲ್ಲಿ ಕೆಂಪು ನೀರು ಮೊಗೆದು, ‘ಸಿದ್ದಯ್ಯ, ನಿಂಬೆಹಣ್ಣು ಇದೆಯಾ?’ ಅಂತ ಕೇಳಿದೆ. ಇದ್ದೇ ಇರುತ್ತದೆ ಅಂತ ನನಗೆ ಗೊತ್ತಿತ್ತು. ‘ಅದ ಮೇಡಂ, ಆದ್ರ ಅದು ಅಮಾಸೆಗ ಜೀಪಿನ್ ಚಕ್ರಕ್ಕ ಇಡಕ್ಕ ತಂದಿರದು’ ಅಂದ. ಜೀಪಿನ ದೃಷ್ಟಿ ಆಮೇಲೆ ತೆಗೆಯೋಣ, ಮೊದಲು ಮಡುವಿನದು ತೆಗೆಯೋಣ ಅಂದೆ. ಬೇಸರದಲ್ಲೇ ಕೊಟ್ಟ.

ಅಷ್ಟರಲ್ಲಿ ಗುಂಪು ಷಣ್ಮುಗಂನನ್ನೂ ಎಳೆದುಕೊಂಡು ಮಡುವಿನ ಹತ್ತಿರ ಬಂದಿತ್ತು. ಎಲ್ಲರೆದುರು ಲೋಟಕ್ಕೆ ನಿಂಬೆಹಣ್ಣು ಹಿಂಡಿದೆ. ಕೆಂಪು ನೀರು ತಿರುಗಿ ಹಳದಿಯಾಯಿತು. ಹಿಂದೆ ನಿಂತಿದ್ದ ಹೆಂಗಸರಿಗೆ ಮೊದಲು ಹೊಳೆಯಿತು. ‘ಆರತಿ ನೀರು ಕಣಮ್ಮಿ ಇದು’ ಅಂತ ಒಬ್ಬಳು ಇನ್ನೊಬ್ಬಳಿಗೆ ಅಂದಳು. ಹೌದು, ಆರತಿ ನೀರೇ, ಅರಿಶಿನ ಮೇಲಿಂದ ಬಂತು, ಬಾಯ್ಲರಿನಿಂದ, ಸುಣ್ಣ ಎಲ್ಲಿಂದ ಬಂತು ಹೇಳಿ ಅಂದೆ.

ಬಂಡೆಯ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ ಚಿಕ್ಕತಾಯಮ್ಮ ಎದ್ದು ನಿಂತರು. ಅವರ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಕೇಳಿರಲಿಲ್ಲ.

‘ಸುಣ್ಣ ಹಾಕ್ಸಿದ್ದು ನಾನೇ ಕಣವ್ವ’ ಅಂದರು. ‘ನೀರು ನಾತ ಬಂದಿತ್ತು. ರಜ ಬಂದ್ರ ಮಕ್ಕಳು ಇಳೀಬೇಕಲ್ಲ. ಬಾವಿಗ ಸುಣ್ಣ ಹಾಕಿದ್ರ ತಿಳಿಯಾಯ್ತದಲ್ಲ, ಅಂಗೇ ಇದೂ ಆದಾದು ಅಂತ ಒಂದ್ ಗಾಡಿ ಸುಣ್ಣ ಉಯ್ಸ್‌ಬುಟ್ಟೆ.’

ಅವರ ಕಣ್ಣು ತೇಲುತ್ತಿದ್ದ ಮೀನಿನ ಮೇಲೇ ಇತ್ತು. ಬಾವಿಗೆ ಸುಣ್ಣ ಹಾಕುವುದು ನಮ್ಮ ಕಡೆ ಎಲ್ಲರೂ ಮಾಡುವುದೇ. ಆದರೆ ಬೇಸಿಗೆಯಲ್ಲಿ ಹರಿವು ಸಣ್ಣಗಾದ ಮಡುವಿಗೆ ಗಾಡಿ ಸುಣ್ಣ ಬಿದ್ದರೆ, ಉಸಿರು ಕಟ್ಟಿ ಒದ್ದಾಡುತ್ತಿದ್ದ ಮೀನಿಗೆ ಕಿವಿರೂ ಸುಟ್ಟ ಹಾಗೆ. ಮಡುವನ್ನು ಎಲ್ಲರಿಗಿಂತ ಹೆಚ್ಚು ಪ್ರೀತಿಸಿದವರ ಕೈಯಿಂದಲೇ ಅದು ಆಗಿತ್ತು. ಷಣ್ಮುಗಂನ ತೋಳು ಹಿಡಿದಿದ್ದವರು ಮೆಲ್ಲಗೆ ಕೈ ಬಿಟ್ಟರು. ಬಾಯ್ಲರಿಗೆ ಅರಿಶಿನ ಕೊಟ್ಟವರು ಅವರೇ.

ಪ್ರಶಾಂತ್ ಸರ್ ಆ ದಿನ ಬಾಯ್ಲರ್ ಎತ್ತಿಸಿದರು. ಬೆಂದ ನೀರಿಗೆ ಹಳ್ಳದಿಂದ ದೂರ ಹೊಲದಲ್ಲಿ ಇಂಗುಗುಂಡಿ ತೋಡಬೇಕೆಂದು ಊರಿನವರನ್ನು ಕೂರಿಸಿ ಒಪ್ಪಿಸಿದರು. ಎಮ್ಮೆಗಳನ್ನು ಮಡುವಿನ ಕೆಳಗೆ ಮೀಯಿಸಬೇಕು, ಮೇಲೆ ಅಲ್ಲ ಅನ್ನುವುದೂ ಅಂದೇ ತೀರ್ಮಾನವಾಯಿತು. ಲ್ಯಾಬಿನ ವರದಿ ಬಂದು, ನೀರಲ್ಲಿ ನೂಲಿನ ಬಣ್ಣ ಇಲ್ಲ ಎಂದು ಖಚಿತವಾದಾಗ ಷಣ್ಮುಗಂ ಆಫೀಸಿಗೆ ಬಂದು ಸ್ವೀಟ್ ಬಾಕ್ಸ್ ಇಟ್ಟ. ತೆಗೆದುಕೊಳ್ಳಬಾರದು ಅಂದೆ. ಸಿದ್ದಯ್ಯ ಅದನ್ನು ನೋಡಿದ ರೀತಿ ನೋಡಿ ನನಗೆ ನಗು ಬಂತು.

ಮಡು ಅಷ್ಟು ಬೇಗ ಸರಿಯಾಗಲಿಲ್ಲ. ಶಾಲೆಗೆ ರಜೆ ಬಂತು. ಚಿಕ್ಕತಾಯಮ್ಮ ತೆರಕಣಾಂಬಿಯಿಂದ ಬಸ್ಸು ಹತ್ತಿ ನಮ್ಮ ಆಫೀಸಿಗೇ ಬಂದರು.

‘ಇಳಿಸ್ಬೋದಾ ಮೇಡಮ್ಮೋರೆ?’

ಇನ್ನೂ ಇಲ್ಲ ಅಂದೆ.

‘ನೀರು ತಿಳಿ ಆಗದ. ತಳ ಕಾಣ್ತದ.’

ಕಂಡರೂ ಇಲ್ಲಮ್ಮ, ರೋಗಾಣು ನೋಡುವ ಟ್ಯೂಬಿನಲ್ಲಿ ಇನ್ನೂ ಗುಳ್ಳೆ ಏಳುತ್ತಿದೆ, ಮಕ್ಕಳ ಹೊಟ್ಟೆ ಕೆಡುತ್ತದೆ ಅಂದೆ.

‘ನೀವು ಬ್ಯಾಡ ಅಂತ ಬರದ್ರ ಅವು ಸುಮ್ನ ಮನೇಲಿ ಕುಂತವಾ? ಕ್ವಾರಿಗ ಓಯ್ತವ. ನಿಮ್ಗ ಗೊತ್ತಲ್ಲ.’

ಗೊತ್ತಿತ್ತು. ನನ್ನ ವೃತ್ತಿಯಲ್ಲಿ ಅದಕ್ಕಿಂತ ಕಷ್ಟದ ಗಳಿಗೆ ಬರಲಿಲ್ಲ. ಅತ್ತ ದರಿ, ಇತ್ತ ಪುಲಿ. ಇಳಿಯಬಹುದು ಎಂದು ಒಂದು ಮಾತು ಬರೆದರೆ ಮಕ್ಕಳು ಕ್ವಾರಿಗೆ ಹೋಗುವುದಿಲ್ಲ. ಆದರೆ ಆ ಮಾತು ಸುಳ್ಳು, ಮತ್ತು ಒಮ್ಮೆ ಸುಳ್ಳು ಹೇಳಿದ ಮೇಲೆ ಮುಂದಿನ ವರ್ಷ ನಾನು ನಿಜ ಹೇಳಿದರೂ ಅದಕ್ಕೆ ಬೆಲೆ ಇರುವುದಿಲ್ಲ. ಇಲ್ಲಮ್ಮ, ನಾನು ಬರೆಯುವುದಿಲ್ಲ ಅಂದೆ.

ಅವರು ‘ಸರಿ ಬುಡಿ, ಅಂಗಾರ ನನ್ ಕೆಲ್ಸ ನಾನ್ ಮಾಡ್ತೀನಿ’ ಅಂತ ಎದ್ದುಹೋದರು.

ಅವರು ಮಾಡಿದ ಕೆಲಸ ನಾನು ಮುಂದಿನ ಸಲ ಸ್ಯಾಂಪಲ್‌ಗೆ ಹೋದಾಗ ಕಂಡೆ. ಕ್ವಾರಿಗೆ ಹೋಗುವ ದಾರಿಯಲ್ಲಿ ಹೊಂಗೆ ಮರದ ಕೆಳಗೆ ಒಂದು ಮಂಚ, ಮಂಚದ ಮೇಲೆ ಚಿಕ್ಕತಾಯಮ್ಮ, ಕೈಯಲ್ಲಿ ಹುಣಸೆ ಬರಲು. ಊಟ ಮನೆಯಿಂದ ಅಲ್ಲಿಗೇ ಬರುತ್ತಿತ್ತು. ರಜೆ ಮುಗಿಯುವವರೆಗೂ ಅವರು ಆ ದಾರಿ ಬಿಟ್ಟು ಏಳಲಿಲ್ಲ. ನನ್ನ ಒಂದು ‘ಇಲ್ಲ’ಕ್ಕೆ ಆ ಹೆಂಗಸು ಒಂದು ಬೇಸಿಗೆ ಪೂರ್ತಿ ಬಿಸಿಲು ಕಾದರು. ನಾನು ಸ್ಯಾಂಪಲ್‌ಗೆ ಹೋದಾಗಲೆಲ್ಲ ಅವರ ಮಂಚದ ತುದಿಯಲ್ಲಿ ಕೂತು, ಅವರು ಕೊಟ್ಟ ಮಜ್ಜಿಗೆ ಕುಡಿದು, ಇನ್ನೂ ಇಲ್ಲ ಎಂದು ಹೇಳಿ ಬರುತ್ತಿದ್ದೆ. ‘ಆಗ್ಲಿ, ಇನ್ನೊಂದ್ ದಪ ಬನ್ನಿ’ ಅನ್ನುತ್ತಿದ್ದರು.

ಮಳೆ ಬಂತು. ಹಳ್ಳ ತುಂಬಿ ಹರಿದು ಮಡುವಿನ ತಳದ ಸುಣ್ಣ ಕೊಚ್ಚಿಹೋಯಿತು. ಮುಂದಿನ ಅರಿಶಿನದ ಕಾಲದಲ್ಲಿ ಒಂದು ಹನಿ ಹಳದಿ ನೀರು ಹಳ್ಳಕ್ಕೆ ಬರಲಿಲ್ಲ. ಇಂಗುಗುಂಡಿ ತೋಡದ ಒಬ್ಬನಿಗೆ ಊರಿನವರೇ ಬುದ್ಧಿ ಹೇಳಿದರಂತೆ, ಹೇಗೆ ಹೇಳಿದರು ಎಂದು ನಾನು ವಿಚಾರಿಸಲಿಲ್ಲ. ಒಂದು ದಿನ ಮಡುವಿನ ಬಾಯಲ್ಲಿ ಒಂದು ಕಲ್ಲು ಮಗುಚಿದೆ. ಅಡಿಯಲ್ಲಿ ಮೂರು ಬಾಲದ ಹುಳು ಇತ್ತು, ಬಂಡೀಪುರದ್ದೇ ಹುಳು. ದಡದಲ್ಲಿ ನಿಂತಿದ್ದ ಪ್ರಶಾಂತ್ ಸರ್‌ಗೆ ತೋರಿಸಿದೆ. ಅವರು ಬೂಟು ಬಿಚ್ಚಿ ತಾವೂ ಇಳಿದು ಕಲ್ಲು ಮಗುಚತೊಡಗಿದರು. ಶ್ರೀಕಂಠಯ್ಯನವರು ಇದ್ದು ನೋಡಬೇಕಿತ್ತು ಎಂದು ನನಗೆ ಅಳು ಬಂತು, ಮರೆಮಾಚಲೂ ಇಲ್ಲ.

ಕೊನೆಗೆ ಟ್ಯೂಬುಗಳೂ ಒಪ್ಪಿದವು. ರಜೆ ಶುರುವಾಗುವ ಹೊತ್ತಿಗೆ ನಾನೇ ಊರಿಗೆ ಹೋದೆ. ಅದು ನನ್ನ ಸೇವೆಯ ಕೊನೆಯ ಬೇಸಿಗೆ. ಚಿಕ್ಕತಾಯಮ್ಮ ಮತ್ತೆ ಹೊಂಗೆ ಮರದ ಕೆಳಗೆ ಮಂಚ ಹಾಕಿಸುತ್ತಿದ್ದರು. ಮಂಚ ಎತ್ತಿಸಿ ಅಂದೆ.

‘ಇಳಿಸ್ಬೋದಾ?’

ಇಳಿಸಬಹುದು. ಮೀನಿಗೂ ಸರಿ, ಮಕ್ಕಳಿಗೂ ಸರಿ ಅಂದೆ.

ಅವರು ಬರಲನ್ನು ಬೇಲಿಗೆ ಎಸೆದು ನನ್ನ ಕೈ ಹಿಡಿದರು. ‘ಅಂಗಾದ್ರ ಮೊದ್ಲು ನೀವು ಇಳೀರಿ’ ಅಂದರು. ನಾನು ಏನೇನೋ ನೆಪ ಹೇಳಿದೆ. ಬದಲಿ ಸೀರೆ ಇಲ್ಲ, ವಯಸ್ಸಾಯಿತು, ಜೀಪು ಕಾಯುತ್ತಿದೆ. ಸಿದ್ದಯ್ಯ ದೂರದಿಂದಲೇ, ‘ಜೀಪು ಎಲ್ಗೂ ಓಗಕಿಲ್ಲ ಮೇಡಂ’ ಅಂದ. ನಿಂಬೆಹಣ್ಣಿನ ಸೇಡು ತೀರಿಸಿಕೊಂಡ. ಚಿಕ್ಕತಾಯಮ್ಮನ ಮೊಮ್ಮಗಳು ಭಾಗ್ಯ ಮನೆಗೆ ಓಡಿ ಹಳೆಯ ಸೀರೆಯೊಂದನ್ನೂ ಸೋರೆಬುರುಡೆಯನ್ನೂ ತಂದಳು. ಚಿಕ್ಕತಾಯಮ್ಮ ಬುರುಡೆಯನ್ನು ನನ್ನ ಬೆನ್ನಿಗೆ ಬಿಗಿದು ಎರಡು ಸಲ ಎಳೆದು ನೋಡಿದರು. ಊರಿನ ಮಕ್ಕಳೆಲ್ಲ ಬಂಡೆಯ ಮೇಲೆ ಸಾಲಾಗಿ ಕೂತು ನೋಡುತ್ತಿದ್ದವು. ಈ ಸಲ ಯಾರೂ ಓಡಲಿಲ್ಲ.

ಎದೆಯುದ್ದ ನೀರಿಗೆ ಬಂದಾಗ ಕಾಲಡಿಯ ಮರಳು ಜಾರಿತು. ನಾನು ಬಂಡೆಯ ಅಂಚನ್ನು ಹಿಡಿದುಕೊಂಡೆ. ಆ ನೀರಲ್ಲಿ ಏನಿದೆ, ಏನಿಲ್ಲ ಎನ್ನುವುದನ್ನು ನನ್ನಷ್ಟು ಬಲ್ಲವರು ಜಿಲ್ಲೆಯಲ್ಲೇ ಇರಲಿಲ್ಲ. ಆದರೂ ಕೈ ಬಿಡಲು ಭಯ. ಚಿಕ್ಕತಾಯಮ್ಮ ಪಕ್ಕದಲ್ಲೇ ನಿಂತು ನನ್ನ ಹೊಟ್ಟೆಯ ಕೆಳಗೆ ಕೈ ಕೊಟ್ಟರು.

‘ಕೈ ಬುಡಿ ಮೇಡಮ್ಮೋರೆ’ ಅಂದರು. ‘ನಿಮ್ ರಿಪೋರ್ಟ್ ನಂಬ್ಕಂಡು ನಾನು ಒಂದ್ ಬೇಸಿಗೆ ಬಿಸ್ಲಲ್ಲಿ ಕುಂತಿದ್ನಲ್ಲ. ನನ್ ಸೋರೆಬುರ್ಡೆ ನಂಬ್ಕಂಡು ನೀವು ಒಂದ್ ಗಳ್ಗೆ ತೇಲಿ.’

ಬಂಡೆ ಬಿಟ್ಟೆ. ಮೂಗಿಗೆ, ಬಾಯಿಗೆ ಆನೆಮಡುವಿನ ನೀರು ನುಗ್ಗಿತು. ಉಗುಳಲಿಲ್ಲ, ನುಂಗಿ, ಕಾಲು ಬಡಿಯತೊಡಗಿದೆ.